ಎಂಟು ಎಕರೆ ಕಾಫಿ ತೋಟದಲ್ಲಿ ಹಕ್ಕಲಿನ ಆಜ್ಞೆ: ನನ್ನ ಅನುಭವ

ಬೈಬಲಿನ ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯದಲ್ಲಿರುವ ಹಕ್ಕಲಿನ ಆಜ್ಞೆಯನ್ನು, ಅಂದರೆ ಕೊಯ್ಲಿನಲ್ಲಿ ಉಳಿದದ್ದನ್ನು ಬಡವರು ಆಯ್ದುಕೊಳ್ಳಲು ಬಿಡಬೇಕೆಂಬುದನ್ನು, ಕಾಫಿ ತೋಟದಲ್ಲಿ ನಡೆಸಲು ಸಾಧ್ಯವಿಲ್ಲ ಎಂದು ನಮ್ಮ ಕ್ರೈಸ್ತ ಸಭೆಯ ಹಿರಿಯರಿಂದ ಹಿಡಿದು ಪಕ್ಕದ ತೋಟದ ಗೌಡರವರೆಗೆ ಎಲ್ಲರೂ ಹೇಳಿದ್ದರು. ಸಾಧ್ಯವಿದೆ. ಸಕಲೇಶಪುರ ತಾಲ್ಲೂಕಿನ ನನ್ನ ಎಂಟು ಎಕರೆ ರೊಬಸ್ಟಾ ಕಾಫಿಯಲ್ಲಿ ಈಗ ನಾಲ್ಕೈದು ಕೊಯ್ಲುಗಳಿಂದ ನಡೆಯುತ್ತಿದೆ. ತೋಟವಿರುವ ವಿಶ್ವಾಸಿಗಳು ಮೇಲಿಂದ ಮೇಲೆ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ವಚನ ನಿಮಗೆಲ್ಲ ಗೊತ್ತು. ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಹಕ್ಕಲಾಯಬಾರದು, ದ್ರಾಕ್ಷಿ ತೋಟದಲ್ಲಿ ಉದುರಿದ ಹಣ್ಣನ್ನು ಕೂಡಿಸಬಾರದು, ಅದನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು. ಮೊದಲ ವರ್ಷ ಇದನ್ನು ಇದ್ದದ್ದು ಇದ್ದ ಹಾಗೆಯೇ ಮಾಡಿದೆ. ರಸ್ತೆ ಬದಿಯ ಬೇಲಿಗೆ ಹೊಂದಿಕೊಂಡ ಎರಡು ಸಾಲನ್ನು ಕೊಯ್ಯದೆ ಬಿಟ್ಟು, ಭಾನುವಾರದ ಆರಾಧನೆ ಮುಗಿದ ಮೇಲೆ ಎಲ್ಲರಿಗೂ ತಿಳಿಸಿದೆ. ಒಬ್ಬರೂ ಬರಲಿಲ್ಲ. ಕಾಫಿ ಕಳ್ಳತನದ ಸುದ್ದಿಯಿಲ್ಲದೆ ಒಂದು ಕೊಯ್ಲೂ ಮುಗಿಯದ ಊರಿನಲ್ಲಿ ಮಡಿಲ ತುಂಬ ಹಸಿ ಹಣ್ಣು ಇಟ್ಟುಕೊಂಡು ರಸ್ತೆಗಿಳಿಯುವ ಧೈರ್ಯ ಯಾವ ವಿಧವೆಗೆ ಬರುತ್ತದೆ? ಹಣ್ಣು ಗಿಡದಲ್ಲೇ ಕಪ್ಪಾಗಿ ಒಣಗಿ ಉದುರಿತು. ಬೇಸಿಗೆ ಮಳೆ ಬಿದ್ದದ್ದೇ ತಡ, ಅದರೊಳಗೆ ಅಡಗಿದ್ದ ಕಾಯಿಕೊರಕ ಹುಳು ಹೊರಬಿದ್ದಿತು. ಮುಂದಿನ ಫಸಲಿನಲ್ಲಿ ಆ ಮಗ್ಗುಲಿನ ಹತ್ತು ಕಾಯಿಗೆ ಒಂದೆರಡರಲ್ಲಿ ತೂತು. “ಹುಳುವಿಗೆ ಹಬ್ಬದೂಟ ಹಾಕಿದಿರಲ್ಲ ಸ್ವಾಮಿ” ಎಂದರು ಗೌಡರು. 1990ರಲ್ಲಿ ಗೂಡಲೂರಿನ ಕಡೆ ಕಾಣಿಸಿಕೊಂಡು ನಮ್ಮಲ್ಲಿಗೂ ಬಂದ ಈ ಹುಳು, ಗಿಡದಲ್ಲಿ ಉಳಿದ ಮತ್ತು ನೆಲಕ್ಕೆ ಬಿದ್ದ ಕಾಯಿಯಲ್ಲೇ ಬೇಸಿಗೆ ಕಳೆಯುತ್ತದೆ. ಅದಕ್ಕಾಗಿಯೇ ಎರಡನ್ನೂ ಬಿಡದೆ ಆಯ್ದು ತೆಗೆಯಬೇಕೆಂದು ಕಾಫಿ ಮಂಡಳಿ ಹೇಳುತ್ತದೆ. ದೇವರ ಆಜ್ಞೆ ಬಿಡು ಎನ್ನುತ್ತದೆ, ಮಂಡಳಿ ಬಿಡಬೇಡ ಎನ್ನುತ್ತದೆ.

ಎರಡನೆಯ ವರ್ಷ ಆ ಎರಡು ಸಾಲಿನ ಬೆಲೆ ಕಟ್ಟಿ, ಹದಿನೈದು ಸಾವಿರದ ಆಸುಪಾಸು, ವಿಧವೆಯರಿಗೆಂದು ಸಭೆಗೆ ಕಾಣಿಕೆಯಾಗಿ ಕೊಟ್ಟೆ. ಕ್ರಿಸ್ಮಸ್‌ಗೆ ತಲಾ ಒಂದು ಸೀರೆ ಬಂತು, ಉಳಿದದ್ದು ಬೇರೆ ಖರ್ಚಿಗೆ ಹೋಯಿತು. ಹಣದ ಲೆಕ್ಕಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು. ಆಜ್ಞೆಯಲ್ಲಿ ಯಾರಿಗೆ ಎಷ್ಟು ಎಂದು ತೀರ್ಮಾನಿಸುವ ಅಧಿಕಾರ ಹೊಲದ ಒಡೆಯನಿಗೆ ಇಲ್ಲವೇ ಇಲ್ಲ. ಅವರು ಬರುತ್ತಾರೆ, ತಮ್ಮ ಕೈಯಿಂದ ಆಯ್ದುಕೊಳ್ಳುತ್ತಾರೆ, ಯಾರ ಮುಂದೆಯೂ ಕೈಯೊಡ್ಡದೆ ಮನೆಗೆ ಹೋಗುತ್ತಾರೆ. ಸೀರೆ ಹಂಚುವುದರಲ್ಲಿ ಇದಾವುದೂ ಇರಲಿಲ್ಲ.

ದಾರಿ ಸಿಕ್ಕಿದ್ದು ಬೈಬಲಿನ ರೂತಳ ಪುಸ್ತಕದ ಎರಡನೆಯ ಅಧ್ಯಾಯವನ್ನು ಬೆಳೆಗಾರನ ಕಣ್ಣಿನಿಂದ ಓದಿದಾಗ. ಪರದೇಶದಿಂದ ಬಂದ ಬಡ ವಿಧವೆ ರೂತಳು ತೆನೆ ಆಯುವುದು ಕೊಯ್ಯುವವರ ಹಿಂದೆ. ಹೊಲದ ಒಡೆಯ ಬೋವಜನು ಆಳುಗಳಿಗೆ ಮೊದಲೇ ಕಟ್ಟಪ್ಪಣೆ ಮಾಡಿದ್ದಾನೆ: ಆಕೆಯನ್ನು ಮುಟ್ಟಬೇಡಿ, ಅವಮಾನಿಸಬೇಡಿ. ಬಾಯಾರಿದರೆ ಆಳುಗಳು ತುಂಬಿಟ್ಟ ನೀರನ್ನೇ ಕುಡಿ ಎಂದು ಆಕೆಗೂ ಹೇಳಿದ್ದಾನೆ. ಇನ್ನು ಧರ್ಮೋಪದೇಶಕಾಂಡ 24ರ ಪ್ರಕಾರ ಎಣ್ಣೇಮರವನ್ನು (ಆಲಿವ್) ಒಮ್ಮೆ ಬಡಿದ ಮೇಲೆ ಮತ್ತೆ ಕೊಂಬೆ ಹುಡುಕಬಾರದು. ಅಲ್ಲಿಗೆ ನನಗೆ ಎಲ್ಲವೂ ಸ್ಪಷ್ಟವಾಯಿತು. ಬೇಲಿ ಸಾಲನ್ನೂ ಸೇರಿಸಿ ಇಡೀ ತೋಟವನ್ನು ಕೊಯ್ಯುತ್ತೇನೆ, ಆದರೆ ಒಂದೇ ಸುತ್ತು. ಎರಡನೆಯ ಸುತ್ತೂ ನೆಲದ ಮೇಲಿನದ್ದೂ ಅವರದು. ಅವರು ಆಯ್ದು ಮುಗಿಸಿದಾಗ ಹುಳುವಿಗೆ ಉಳಿಯಲು ಕಾಯಿಯೇ ಇರುವುದಿಲ್ಲ.

ತೋಟವನ್ನು ನಾಲ್ಕು ಭಾಗ ಮಾಡಿದ್ದೇನೆ. ಕೊಯ್ಲಿನ ತಂಡ ಒಂದು ಭಾಗ ಬಿಟ್ಟ ಮರುದಿನವೇ ಅದನ್ನು ತೆರೆಯುತ್ತೇನೆ, ಒಂದು ವಾರ, ಹತ್ತು ದಿನ. ಹೂವು ಬರಿಸಲು ಸ್ಪ್ರಿಂಕ್ಲರ್ ನೀರು ಹಾಕುವ ಹೊತ್ತಿಗೆ ಎಲ್ಲ ಮುಗಿದಿರಬೇಕು, ಹೂವು ಬಂದ ಮೇಲೆ ಯಾರೂ ಗಿಡ ಮುಟ್ಟುವಂತಿಲ್ಲ. ಈಗ ಬರುವವರು ಐದು ಜನ ಹೆಂಗಸರು. ಅವರಲ್ಲಿ ಒಬ್ಬಾಕೆ ಅಸ್ಸಾಮಿನಿಂದ ಬಂದ ಕೂಲಿಯವನ ತಾಯಿ, ಕನ್ನಡದ ನಾಲ್ಕು ಮಾತೂ ಬಾರದು. ಪರದೇಶಿ ಎಂಬ ಮಾತು ನನ್ನ ತೋಟದಲ್ಲಿ ಆಕೆಯ ರೂಪದಲ್ಲಿ ಬಂದು ನಿಂತಿತು.

ಆಕೆ ಕೋಲಿನಿಂದ ತರಗೆಲೆ ಕೆದಕುವುದನ್ನು ನಿಂತು ನೋಡಬೇಕು. ಒಣಗಿ ಕಪ್ಪಾದದ್ದು ಒಂದು ಚೀಲಕ್ಕೆ, ಬಾವಲಿ ಚೀಪಿ ಉಗುಳಿದ ಬಿಳಿ ಬೀಜ ಸೆರಗಿನ ಗಂಟಿಗೆ. ಬುಡಕ್ಕೆ ಅಂಟಿಕೊಂಡ ಕಾಯಿಯನ್ನು ಉಗುರಿನಿಂದ ಎಬ್ಬಿಸುತ್ತಾಳೆ. ದಿನಗೂಲಿಗೆ ಬಂದವರು ಹೀಗೆ ಆಯ್ದದ್ದನ್ನು ನಾನು ಕಂಡಿಲ್ಲ.

ಗಟ್ಟಿಯಾಗಿ ಹಿಡಿಯಬೇಕಾದದ್ದು ಎರಡು ವಿಷಯ. ಕೊಯ್ಲಿನ ತಂಡದವರ ಮನೆಯವರು ಅದೇ ತೋಟದಲ್ಲಿ ಹಕ್ಕಲಾಯುವಂತಿಲ್ಲ. ಕಿಲೋಗೆ ಐದಾರು ರೂಪಾಯಿ ಕೊಯ್ಲು ಕೂಲಿ, ಅದೇ ಹಣ್ಣು ನೆಲಕ್ಕೆ ಬಿದ್ದರೆ ಪೂರ್ತಿ ಬೆಲೆ ಎಂದಾದರೆ ಹಣ್ಣು ಬೀಳುತ್ತಲೇ ಇರುತ್ತದೆ. ಎರಡನೆಯದು, ಹಸಿ ಹಣ್ಣು ತೋಟದಿಂದ ಹೊರಗೆ ಹೋಗಬಾರದು. ಮೊದಲು ಪೇಟೆಗೆ ಒಯ್ದವರಿಗೆ ವ್ಯಾಪಾರಿ ಅರ್ಧ ಬೆಲೆ ಹೇಳಿ, ಎಲ್ಲಿ ಕದ್ದದ್ದು ಎಂದು ಬೇರೆ ಕೇಳಿದ. ಈಗ ನನ್ನ ಕಣದಲ್ಲೇ ಅವರವರ ಟಾರ್ಪಾಲಿನ ಮೇಲೆ ಒಣಗುತ್ತದೆ, ನನ್ನ ಚೆರಿಯ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಜೊತೆ ಒಂದೇ ಲಾಟಿನಲ್ಲಿ ಮಾರಾಟವಾಗುತ್ತದೆ, ನನಗೆ ಸಿಕ್ಕ ದರವೇ ಅವರಿಗೂ. ಪ್ರತಿಯೊಬ್ಬರ ಕೈಯಲ್ಲಿ ನನ್ನ ಸಹಿಯ ಚೀಟಿ ಇರುತ್ತದೆ. ಬೋವಜನ ಅಪ್ಪಣೆ ಇಂದು ಕಾಗದದ ಮೇಲಿರಬೇಕು.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಹೋದ ಕೊಯ್ಲಿನಲ್ಲಿ ನನ್ನದು ನೂರೈವತ್ತು ಮೂಟೆ ಚೆರಿ, ಹಕ್ಕಲಿನದು ಆರೇಳು. ಮೂಟೆಗೆ ಒಂಬತ್ತು ಸಾವಿರದ ಮೇಲಿದ್ದ ಕಾಲ, ಒಬ್ಬೊಬ್ಬರಿಗೆ ಹನ್ನೆರಡು ಸಾವಿರದಂತೆ ಬಂತು. ನೆಲದ ಕಾಫಿ ಆಯಿಸಲು ಹಿಂದೆ ಇಪ್ಪತ್ತೈದು ಸಾವಿರ ಕೂಲಿ ಹೋಗುತ್ತಿತ್ತು, ಅದು ಉಳಿಯಿತು. ಅದನ್ನು ಕಳೆದರೂ ನನ್ನ ಕೈಯಿಂದ ಮೂವತ್ತೈದು ಸಾವಿರದಷ್ಟು ಹೋಗಿದೆ. ಇದರಲ್ಲಿ ಲಾಭವಿದೆ ಎಂದು ಯಾರಿಗೂ ಹೇಳುವುದಿಲ್ಲ, ಆಜ್ಞೆಯೂ ಹಾಗೆ ಹೇಳಿಲ್ಲ. ಆದರೆ ಈಗ ನೂರು ಕಾಯಿ ಹಿಚುಕಿ ನೋಡಿದರೆ ತೂತು ಮೂರೋ ನಾಲ್ಕೋ. ಯೆಹೂದ್ಯರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾದಲ್ಲಿ ಹೊಲದ ಅಂಚಿನ ಪಾಲು ಅರವತ್ತರಲ್ಲಿ ಒಂದಕ್ಕಿಂತ ಕಡಿಮೆ ಇರಬಾರದು ಎಂದಿದೆ. ನೂರೈವತ್ತಕ್ಕೆ ಎರಡೂವರೆ ಮೂಟೆ. ನನ್ನ ತೋಟ ಅದರ ಎರಡು ಪಟ್ಟು ದಾಟಿದೆ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ಸಿವುಡುಗಳಿಂದ ತೆನೆಗಳನ್ನು ಎಳೆದು ಬೇಕೆಂದೇ ಬೀಳಿಸಿರಿ ಎಂದು ಬೋವಜನು ಆಳುಗಳಿಗೆ ಹೇಳಿದನಲ್ಲ, ಅದಕ್ಕೂ ಒಂದು ವ್ಯವಸ್ಥೆ ಮಾಡಿದ್ದೇನೆ. ಅದು ನನಗೂ ಮೇಸ್ತ್ರಿಗೂ ಮಾತ್ರ ಗೊತ್ತು. ಬರೆದರೆ ಆ ಹೆಂಗಸರ ಕಿವಿಗೂ ಬೀಳುತ್ತದೆ, ಆಮೇಲೆ ಅದು ಉಪಕಾರವಾಗಿಬಿಡುತ್ತದೆ.

ಮೆಣಸಿನಲ್ಲೂ ಪ್ರಯತ್ನಿಸಿದೆ. ಉದುರಿದ ಕಾಳು ತರಗೆಲೆಯಲ್ಲಿ ಸಿಗುವುದೇ ಕಷ್ಟ, ದಿನವಿಡೀ ಬಗ್ಗಿದರೂ ಒಂದು ಸೇರು ಆಗಲಿಲ್ಲ. ನೆರೆಯವನ ದ್ರಾಕ್ಷಿ ತೋಟದಲ್ಲಿ ಹೊಟ್ಟೆ ತುಂಬ ತಿನ್ನಬಹುದು, ಪಾತ್ರೆಗೆ ಹಾಕಿಕೊಳ್ಳಬಾರದು ಎಂಬ ನಿಯಮವನ್ನು ಕಿತ್ತಳೆ ಗಿಡಗಳಿಗೆ ಅನ್ವಯಿಸಿ ಶಾಲೆಯ ಮಕ್ಕಳಿಗೆ ಹೇಳಿದೆ. ಒಂದು ಹಣ್ಣೂ ಚೀಲಕ್ಕೆ ಹೋಗಲಿಲ್ಲ, ಕೊಂಬೆಗಳು ಮಾತ್ರ ಮುರಿದವು. ಈಗ ಒಂದು ಏಣಿ ಇಟ್ಟಿದ್ದೇನೆ.

ಗೌಡರು ಈ ಸಲ ತಮ್ಮ ಮೂರು ಎಕರೆಯನ್ನೂ ತೆರೆಯುತ್ತಾರಂತೆ, ಹುಳುವಿನ ಸಲುವಾಗಿ. ಚೀಟಿಯ ಒಕ್ಕಣೆ ಕೇಳಿ ಬರೆದುಕೊಂಡು ಹೋಗಿದ್ದಾರೆ. ನೀವೂ ಆರಂಭಿಸುವುದಾದರೆ ಕೊಯ್ಲಿಗೆ ಮೊದಲೇ ಮೇಸ್ತ್ರಿಯನ್ನೂ ಕಾವಲಿನವನನ್ನೂ ಕೂರಿಸಿ, ಯಾರು ಬರುತ್ತಾರೆ ಎಂದು ಅವರವರ ಮುಖ ತೋರಿಸಿಯೇ ಹೇಳಿ. ಟಾರ್ಪಾಲು ಹಳೆಯದೇ ಸಾಕು, ತೂಕದ ಯಂತ್ರ ಮಾತ್ರ ಎಲ್ಲರ ಕಣ್ಣಿಗೆ ಕಾಣುವಂತೆ ಕಣದ ನಡುವೆ ಇಡಿ.