ಕಡ್ಡಿ, ದಾರ, ರಟ್ಟು: ತರಗತಿಯಲ್ಲೇ ಕಟ್ಟಿಸಿ ತೂಗುಶಿಲ್ಪ

ಮೂರು ಕಡ್ಡಿ, ನಾಲ್ಕು ರಟ್ಟಿನ ತುಂಡು, ಒಂದಿಷ್ಟು ದಾರ. ಇಷ್ಟಿದ್ದರೆ ಮೂರರಿಂದ ಐದನೇ ತರಗತಿಯ ಮಕ್ಕಳು ಗಾಳಿಗೆ ತಿರುಗುವ ತೂಗುಶಿಲ್ಪವನ್ನು ತಾವೇ ಕಟ್ಟಬಹುದು. ಆಕಾರ, ಬಣ್ಣ ಡ್ರಾಯಿಂಗ್ ಪೀರಿಯಡ್ಡಿನ ಕೆಲಸ. ಕಡ್ಡಿ ವಾಲದ ಹಾಗೆ ನಿಲ್ಲಿಸುವುದು ಮಾತ್ರ ಪಕ್ಕಾ ಎಂಜಿನಿಯರಿಂಗ್. 1930ರ ದಶಕದಲ್ಲಿ ಇಂಥ ಶಿಲ್ಪಗಳಿಂದ ಹೆಸರು ಮಾಡಿದ ಅಮೆರಿಕದ ಕಲಾವಿದ ಅಲೆಕ್ಸಾಂಡರ್ ಕಾಲ್ಡರ್ 1919ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದವರು. ಅಚ್ಚರಿಯೇನಿಲ್ಲ, ಅಲ್ವಾ?

ನಾಲ್ಕು ಮಕ್ಕಳಿಗೆ ಒಂದು ಗುಂಪು ಮಾಡಿ. ತೆಳ್ಳನೆಯ ಬಿದಿರು ಕಡ್ಡಿಗಳನ್ನು 16, 24, 32 ಸೆಂ.ಮೀ. ಉದ್ದಕ್ಕೆ ನೀವೇ ಕತ್ತರಿಸಿ ಕೊಡಿ. ಚೂಪು ತುದಿಗಳಿಗೆ ಟೇಪ್ ಸುತ್ತಿ.

ಈಗ ಮಕ್ಕಳ ಸರದಿ. ಹಳೆಯ ರಟ್ಟಿನಲ್ಲಿ ತಲೆಗೊಂದು ಆಕಾರ ಕತ್ತರಿಸಲಿ: ಮೀನು, ಎಲೆ, ಮೋಡ, ಏನಾದರೂ ಸರಿ. ಮೊದಲ ಸಲಕ್ಕೆ ನಾಲ್ಕೂ ಸುಮಾರು 8 ಸೆಂ.ಮೀ. ಅಗಲವಿದ್ದು, ಹೆಚ್ಚುಕಡಿಮೆ ಒಂದೇ ತೂಕ ಬರಲಿ. ಶಿಲ್ಪ ತಿರುಗುವುದರಿಂದ ಎರಡೂ ಬದಿಗೆ ಬಣ್ಣ ಬೇಕು. ಬಣ್ಣ ಪೂರ್ತಿ ಒಣಗಿದ ಮೇಲೆಯೇ ಮುಂದಿನ ಕೆಲಸ. ಒದ್ದೆ ರಟ್ಟು ಒಣಗುತ್ತಾ ಹಗುರಾಗುತ್ತದೆ, ಹೊಂದಿಸಿದ ತೂಕ ತಪ್ಪುತ್ತದೆ.

ದಾರಕ್ಕೆ ತೂತು ಎಲ್ಲಿ ಹಾಕುವುದು? ಮೀನಿನ ಬೆನ್ನನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ನೋಡಲು ಹೇಳಿ. ಮೂತಿ ಕೆಳಗೆ ಬಾಗಿದರೆ ಬೆರಳು ಮೂತಿಯ ಕಡೆ ಸರಿಯಬೇಕು, ಬಾಲ ಬಾಗಿದರೆ ಬಾಲದ ಕಡೆ. ನೆಟ್ಟಗೆ ನಿಂತ ಜಾಗದಲ್ಲೇ ತೂತು.

ಜೋಡಿಸುವ ಕೆಲಸ ಕೆಳಗಿನಿಂದ ಶುರುವಾಗಬೇಕು. ಮೇಲಿನಿಂದ ಹೊರಟರೆ ಕೆಳಗೆ ಒಂದೊಂದು ಸೇರಿಸಿದಾಗಲೂ ಮೇಲಿನದೆಲ್ಲ ವಾಲುತ್ತದೆ. 16 ಸೆಂ.ಮೀ. ಕಡ್ಡಿಯ ಎರಡು ತುದಿಗೆ ಎರಡು ಆಕಾರ ಕಟ್ಟಿ. ನಡುವೆ ಇನ್ನೊಂದು ದಾರವನ್ನು ಜಾರುವಷ್ಟು ಸಡಿಲವಾಗಿ ಸುತ್ತಿ, ಅದನ್ನು ಹಿಡಿದು ಎತ್ತಿ. ಕಡ್ಡಿ ವಾಲಿದರೆ, ಇಳಿದ ತುದಿಯ ಕಡೆಗೆ ಗಂಟನ್ನು ಚೂರುಚೂರೇ ಸರಿಸಿ. ಈ ಹೊತ್ತಲ್ಲಿ ಫ್ಯಾನ್ ಆಫ್ ಇರಲಿ.

ಇಡೀ ಜೋಡಿಯನ್ನು 24 ಸೆಂ.ಮೀ. ಕಡ್ಡಿಯ ಒಂದು ತುದಿಗೆ ತೂಗುಹಾಕಿ, ಇನ್ನೊಂದು ತುದಿಗೆ ಮೂರನೇ ಆಕಾರ ಕಟ್ಟಿ. ಗಂಟು ಎಲ್ಲಿಗೆ ಬರಬಹುದು ಅಂತ ಪ್ರತಿಯೊಬ್ಬರೂ ಪೆನ್ಸಿಲ್‌ನಲ್ಲಿ ಗುರುತು ಹಾಕಲಿ. ಜಾಸ್ತಿ ಮಕ್ಕಳು ನಡುಮಧ್ಯೆಯೇ ಹಾಕುತ್ತಾರೆ. ತಿದ್ದಲು ಹೋಗಬೇಡಿ, ಎತ್ತಿ ನೋಡಲು ಬಿಡಿ. ಗಂಟು ಸರಿಯುತ್ತಾ ಸರಿಯುತ್ತಾ ಭಾರದ ತುದಿಯಿಂದ ಸುಮಾರು 8 ಸೆಂ.ಮೀ. ದೂರಕ್ಕೆ ಬರುತ್ತದೆ. ಇಡೀ ಪಾಠದ ಜೀವ ಇರುವುದೇ ಇಲ್ಲಿ. ಶಿಕ್ಷಕರ ಕೈ ಅಡ್ಡ ಬಂದರೆ ಇದು ಸುಮ್ನೆ ಅಲಂಕಾರವಾಗಿ ಉಳಿಯುತ್ತದೆ.

32 ಸೆಂ.ಮೀ. ಕಡ್ಡಿಗೂ ಹೀಗೆಯೇ. ಈಗ ಒಂದು ತುದಿಗೆ ಮೂರು ಆಕಾರ, ಇನ್ನೊಂದಕ್ಕೆ ಒಂದೇ. ಗಂಟು ಮತ್ತೆ ಭಾರದ ತುದಿಯಿಂದ 8 ಸೆಂ.ಮೀ. ಆಸುಪಾಸು!

ಎಲ್ಲ ನಿಂತ ಮೇಲೆ ಅಳತೆ ಪಟ್ಟಿ ಕೊಡಿ. ಗಂಟಿನಿಂದ ಎರಡೂ ತುದಿಗೆ ಎಷ್ಟು ದೂರ ಅಂತ ಬರೆದುಕೊಳ್ಳಲಿ. ಕೊನೆಯ ಕಡ್ಡಿಯಲ್ಲಿ 3 ಆಕಾರ ಗುಣಿಸು 8 ಅಂದರೆ 24. ಆ ಕಡೆ 1 ಗುಣಿಸು 24, ಅದೂ 24. ಸೀ-ಸಾ ಆಡುವಾಗ ದಪ್ಪಗಿರುವವರು ನಡುವಿನ ಹತ್ತಿರ ಕೂರುವ ಹಾಗೆಯೇ ಇದು. ಲೆಕ್ಕ ಮಿಲಿಮೀಟರ್‌ಗೆ ಸರಿಯಾಗಿ ಕೂರುವುದಿಲ್ಲ, ಏಕೆಂದರೆ ಕಡ್ಡಿಗೂ ದಾರಕ್ಕೂ ತೂಕವಿದೆ. ‘ಟೀಚರ್, ಸ್ವಲ್ಪ ತಪ್ಪಿದೆ’ ಅಂತ ಯಾರಾದರೂ ಹೇಳಿದರೆ ಖುಷಿಪಡಿ. ಯಾವ ತೂಕ ಬಿಟ್ಟುಹೋಯಿತು ಅಂತ ಅವರನ್ನೇ ಹುಡುಕಲು ಬಿಡಿ.

ಕೊನೆಗೆ ಪ್ರತಿ ಗಂಟಿಗೂ ಒಂದು ಹನಿ ಅಂಟು ಹಾಕಿ, ಒಣಗಿದ ಮೇಲೆ ಯಾರ ತಲೆಗೂ ತಾಗದ ಎತ್ತರದಲ್ಲಿ ತೂಗುಹಾಕಿ. ಫ್ಯಾನಿನ ರೆಕ್ಕೆಗೆ ಸಿಗದಷ್ಟು ದೂರವಿರಲಿ.

ಮುಂದಿನ ವಾರ ಗಾತ್ರದ ನಿಯಮ ತೆಗೆದುಬಿಡಿ. ಒಬ್ಬರು ದೊಡ್ಡ ಆನೆ ಮಾಡಲಿ, ಇನ್ನೊಬ್ಬರು ಪುಟ್ಟ ಚಿಟ್ಟೆ. ಎರಡೂ ಒಂದೇ ಕಡ್ಡಿಗೆ. ಪೆನ್ಸಿಲ್ ಗುರುತು ಈ ಸಲ ಎಲ್ಲಿ ಬೀಳುತ್ತದೆ ನೋಡಿ.