"ಯಾವ ಶನಿವಾರ?": ಕುಡಿತ ಬಿಡುವವರ ನೆನಪಿಗೆ ಅವತಾರ್ ಬಳಸಿದ ನನ್ನ ಅನುಭವ

ಕುಡಿತ ಬಿಡಲು ಬಂದವರನ್ನು "ಇದರಿಂದ ಏನೇನಾಯ್ತು?" ಅಂತ ಕೇಳಿ. "ಎಲ್ಲಾ ಹಾಳಾಯ್ತು ಮೇಡಂ" ಅನ್ನುತ್ತಾರೆ. "ಕುಡಿದಾಗ ಹೇಗಿರ್ತಿತ್ತು?" ಅಂದರೆ "ಮಜಾ ಇತ್ತು" ಅನ್ನುತ್ತಾರೆ. ಎರಡರಲ್ಲೂ ಒಂದು ದಿನ ಇಲ್ಲ, ಜಾಗ ಇಲ್ಲ, ಜನ ಇಲ್ಲ. ವ್ಯಸನಮುಕ್ತಿ ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗಿ ನಾನು ದಿನಾ ನೋಡುವುದು ಈ ಬೋಳು ನೆನಪನ್ನೇ. ಆಸೆ ಏರಿದ ಸಂಜೆ "ಎಲ್ಲಾ ಹಾಳಾಯ್ತು" ಅನ್ನೋದು ಯಾರನ್ನೂ ತಡೆಯಲ್ಲ. "ಮಜಾ ಇತ್ತು" ಅನ್ನೋದು ಮಾತ್ರ ಬಾರಿನ ಬಾಗಿಲವರೆಗೂ ಕರೆದುಕೊಂಡು ಹೋಗುತ್ತೆ.

ಇದು ಕುಡಿಯುವವರಿಗಷ್ಟೇ ಇರುವ ತೊಂದರೆಯಲ್ಲ. 1986ರಲ್ಲಿ ಮಾರ್ಕ್ ವಿಲಿಯಮ್ಸ್ ಮತ್ತು ಕೀತ್ ಬ್ರಾಡ್‌ಬೆಂಟ್ ಎಂಬ ಸಂಶೋಧಕರು, ಆತ್ಮಹತ್ಯೆಗೆ ಯತ್ನಿಸಿ ಉಳಿದವರಿಗೆ ಒಂದೊಂದು ಪದ ಕೊಟ್ಟು, ಅದಕ್ಕೆ ಹೊಂದುವ ಒಂದು ಘಟನೆ ಹೇಳಿ ಅಂದರು. ಬೇರೆಯವರಿಗಿಂತ ಅವರಿಂದ "ಆಗಾಗ ಹೀಗಾಗ್ತಿತ್ತು" ಅನ್ನುವ ತರದ ಉತ್ತರವೇ ಜಾಸ್ತಿ ಬಂತು.

ಅವತಾರ್, ಅಂದರೆ ಕಂಪ್ಯೂಟರ್ ಪರದೆಯ ಮೇಲೆ ಮಾತಾಡುವ ಮುಖದ ಕಡೆ ನಾನು ತಿರುಗಿದ್ದು ಲಂಡನ್ನಿನ ಮನೋವೈದ್ಯ ಜೂಲಿಯನ್ ಲೆಫ್ ಅವರ ಕೆಲಸ ಓದಿ. ಯಾರೋ ಮಾತಾಡಿದಂತೆ ಕಿವಿಗೆ ಕೇಳುವ ರೋಗಿಗಳಿಂದ ಆ ದನಿಗೊಂದು ಮುಖ ಮಾಡಿಸಿ, ಬೇರೆ ಕೋಣೆಯಲ್ಲಿ ಕೂತು ಲೆಫ್ ತಾವೇ ಆ ಮುಖದ ಮೂಲಕ ಮಾತಾಡುತ್ತಿದ್ದರು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಬ್ರ್ಯಾಂಡನ್ ಒಬರ್ಲಿನ್ ಅವರ ತಂಡ, ಚಟ ಬಿಡುತ್ತಿರುವವರಿಗೆ 15 ವರ್ಷದ ನಂತರದ ಅವರನ್ನೇ ತೋರಿಸಿತು. ಬಿಟ್ಟು ಬಾಳಿದ ರೂಪ ಒಂದು, ಬಿಡದೆ ಉಳಿದ ರೂಪ ಒಂದು. ಅವರು ಮುಂದಕ್ಕೆ ಹೋದರು. ನನಗೆ ಬೇಕಿದ್ದದ್ದು ಹಿಂದಕ್ಕೆ ಹೋಗುವ ದಾರಿ.

ನಮ್ಮ ಏರ್ಪಾಡು ಸರಳ. ಒಂದು ಲ್ಯಾಪ್‌ಟಾಪ್, ಒಂದು ಮೈಕು, ಪಕ್ಕದ ಕೋಣೆಯಲ್ಲಿ ನಾನು. ರೂಪ ಮಾಡಲು ಬಳಸುವ ಮೇಕ್‌ಹ್ಯೂಮನ್, ಬ್ಲೆಂಡರ್ ಎರಡೂ ಪುಕ್ಕಟೆ ಸಿಗುವ ತಂತ್ರಾಂಶ. ಕಂಪ್ಯೂಟರ್ ಗೊತ್ತಿರುವ ಹುಡುಗನ ಜೊತೆ ಕೂತು ಬಂದವರು ತಮ್ಮದೇ ರೂಪ ಮಾಡಿಸುತ್ತಾರೆ. ಹೀಗೆ ಕೂರುವುದೇ ಅರ್ಧ ಕೆಲಸ. ಒಬ್ಬ ಗಾರೆ ಮೇಸ್ತ್ರಿ ಇದ್ದರು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮುಖದ ಬಣ್ಣ ಕಪ್ಪು ಮಾಡಿಸಿದರು, ಹೆಗಲಿಗೆ ಟವೆಲ್ ಹಾಕಿಸಿದರು. "ಆಗ ಮೀಸೆ ಇನ್ನೂ ಸಣ್ಣದಿತ್ತು" ಅಂದರು. ಯಾವಾಗ ಅಂತ ನಾವು ಕೇಳಿರಲಿಲ್ಲ. "ಸ್ಕೂಲ್ ಕಾಂಪೌಂಡ್ ಕಟ್ಟಿದ ವರ್ಷ" ಅಂತ ಅವರೇ ಸೇರಿಸಿದರು. ನೆನಪು ಬಿಚ್ಚಿಕೊಂಡದ್ದು ಅಲ್ಲಿಂದ.

ಆಮೇಲೆ ಪಕ್ಕದ ಕೋಣೆಯಿಂದ ನಾನು ಮಾತಾಡಿದಂತೆ ಆ ಮುಖ ಪ್ರಶ್ನೆ ಕೇಳುತ್ತೆ, ಅವರು ಹೇಳುತ್ತಾರೆ. ನನ್ನೆದುರು ಕೂತರೆ ನನಗೆ ಹಿಡಿಸುವ ಉತ್ತರವೇ ಬರುತ್ತೆ: "ಇನ್ಮೇಲೆ ಮುಟ್ಟಲ್ಲ ಮೇಡಂ." ತಮ್ಮದೇ ಮುಖಕ್ಕೆ ಹಾಗೆ ಹೇಳಿ ಮುಗಿಸೋದು ಕಷ್ಟ, ಅಲ್ವಾ?

"ಶನಿವಾರ ಬಟವಾಡೆ ಆದ್ಮೇಲೆ ಎಣ್ಣೆ ಹೊಡೆದ್ರೆ ಅದರ ಮಜಾನೇ ಬೇರೆ" ಅಂದರು ಮೇಸ್ತ್ರಿ.

"ಯಾವ ಶನಿವಾರ?"

ಸುಮಾರು ಹೊತ್ತು ಸುಮ್ಮನಿದ್ದರು. "ಮಳೆ ಬಂದು ಸೆಂಟ್ರಿಂಗ್ ಕೆಲಸ ನಿಂತಿತ್ತು, ಅವತ್ತು."

"ಜೊತೆಗೆ ಯಾರಿದ್ರು?"

"ಕಂಬಿ ಕಟ್ಟೋ ಹುಡುಗ್ರು."

"ಆಮೇಲೆ?"

"ದುಡ್ಡು ಮುಗೀತು. ರಸಮಟ್ಟ ಅಡ ಇಟ್ಟೆ."

"ಆಮೇಲೆ?"

"ಸೋಮವಾರ ಗೋಡೆ ಮಟ್ಟ ನೋಡೋಕೆ ನನ್ನ ಕೈಕೆಳಗಿನ ಹುಡುಗನ ಹತ್ರ ರಸಮಟ್ಟ ಕೇಳಿದೆ." ಇಷ್ಟು ಹೇಳಿ ಬಲಗೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡರು.

ಮಜಾದ ನೆನಪು ಸಾಮಾನ್ಯವಾಗಿ ಮೊದಲ ಗ್ಲಾಸಿಗೇ ನಿಂತುಬಿಡುತ್ತೆ. "ಆಮೇಲೆ?" ಅನ್ನೋ ಪ್ರಶ್ನೆ ಅದನ್ನು ಸೋಮವಾರದವರೆಗೂ ಎಳೆದು ತರುತ್ತೆ.

ಅವತಾರ್ ಕೇಳಬೇಕೇ ಹೊರತು ಹೇಳಿಕೊಡಬಾರದು. ಈ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಸಂಶೋಧಕರು, ಕಾರು ಅಪಘಾತದ ದೃಶ್ಯ ತೋರಿಸಿ, ವೇಗ ಎಷ್ಟಿತ್ತು ಅಂತ ಕೇಳಿದರು. ಪ್ರಶ್ನೆಯಲ್ಲಿ "ತಾಗಿದಾಗ" ಅನ್ನುವ ಬದಲು "ಅಪ್ಪಳಿಸಿದಾಗ" ಅನ್ನುವಂಥ ಜೋರಾದ ಕ್ರಿಯಾಪದ ಬಂದಾಗ ಜನ ಹೇಳಿದ ವೇಗವೂ ಏರಿತು. ಅದಕ್ಕೇ "ಹೆಂಡತಿ ಅತ್ತರಾ?" ಅಂತ ನಾವು ಕೇಳಲ್ಲ. "ಮನೇಲಿ ಯಾರಿದ್ರು?" ಅಂತ ಕೇಳುತ್ತೇವೆ. ಈ ಕೆಲಸವನ್ನು ಚಾಟ್‌ಬಾಟ್‌ಗೆ ಬಿಡದಿರುವುದಕ್ಕೂ ಇದೇ ಕಾರಣ. ಬಿಟ್ಟುಹೋದ ಜಾಗವನ್ನು ಅದು ತನ್ನಷ್ಟಕ್ಕೆ ತುಂಬಿಬಿಡಬಹುದು.

ಕೈ ನಡುಕ ಇರುವ ಮೊದಲ ದಿನಗಳಲ್ಲಿ ಇದನ್ನು ಮಾಡಲ್ಲ. ವರ್ಷಗಟ್ಟಲೆ ಕುಡಿದವರಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್ ಕೊರತೆಯಿಂದ ಕೊರ್ಸಕಾಫ್ ಎಂಬ ಕಾಯಿಲೆ ಬರಬಹುದು. ಅಂಥವರು ನಡೆಯದ ಘಟನೆಯನ್ನೂ ನಡೆದದ್ದೆಂದೇ ನಂಬಿ ಹೇಳುತ್ತಾರೆ. ಹಾಗಾಗಿ ಡಾಕ್ಟರ್ ನೋಡಿ ಒಪ್ಪಿದ ಮೇಲೆಯೇ ಲ್ಯಾಪ್‌ಟಾಪ್ ತೆರೆಯುವುದು. ತೀರಿಹೋದ ತಂದೆ ತಾಯಿಯ ಮುಖ ಮಾಡಿಕೊಡಿ ಅಂತ ಕೇಳುವವರಿದ್ದಾರೆ. ನಾವು ಮಾಡಲ್ಲ. ಚಿಕ್ಕಂದಿನ ಹೊಡೆತ, ಹಿಂಸೆಯಂಥದ್ದು ಮೇಲೆ ಬಂದರೆ ಅಲ್ಲಿಗೇ ನಿಲ್ಲಿಸಿ ಮನೋವೈದ್ಯರ ಹತ್ತಿರ ಕಳಿಸುತ್ತೇವೆ. ಮನೆಗೆ ಹೋದ ಮೇಲೆ ಮನಸ್ಸು ಕೆಟ್ಟರೆ ಫೋನ್ ಮಾಡಲಿ ಅಂತ ಟೆಲಿ ಮನಸ್ ಸಹಾಯವಾಣಿ 14416 ಬರೆದು ಕೊಡುತ್ತೇವೆ.

ಸುಮ್ನೆ ಕೆಟ್ಟದ್ದನ್ನೇ ಕೆದಕಿದರೂ ಆಗಲ್ಲ. ನಾಚಿಕೆ ಜಾಸ್ತಿಯಾದರೆ ಅದನ್ನು ಮರೆಯಲೇ ಮತ್ತೆ ಕುಡಿಯುತ್ತಾರೆ. ಆದ್ದರಿಂದ ಕಾಂಪೌಂಡ್ ಕಟ್ಟಿದ ದಿನದ ಬಗ್ಗೆಯೂ ಮೇಸ್ತ್ರಿಯನ್ನು ಕೇಳಿದೆವು. ದಾರ ಹಿಡಿದವರು ಯಾರು, ಹೆಡ್‌ಮಾಸ್ಟರ್ ಬಂದು ಗೋಡೆ ಸವರಿ ಏನಂದರು, ಎಲ್ಲಾ ಬಂತು. ರಸಮಟ್ಟದ ಕತೆಗಿಂತ ಇದನ್ನೇ ಅವರು ಉದ್ದಕ್ಕೆ ಹೇಳಿದರು.

ಎರಡನ್ನೂ ಅವರದೇ ದನಿಯಲ್ಲಿ ಅವರ ಫೋನಿಗೆ ಹಾಕಿಕೊಟ್ಟೆವು. ಶನಿವಾರ ಬಟವಾಡೆಗೆ ಮೊದಲು ಕೇಳಿಸಿಕೊಳ್ಳುತ್ತಾರೆ. ಮನೆಯವರು ತಮಗೂ ಒಂದು ಪ್ರತಿ ಬೇಕು ಅಂದರು. ಕೊಡಲಿಲ್ಲ. ಜಗಳದಲ್ಲಿ ಎತ್ತಿ ಆಡಲು ಅದು ಸಾಕ್ಷಿಯಾಗಬಾರದು. ಇಟ್ಟುಕೊಳ್ಳುವುದು, ಅಳಿಸುವುದು, ಯಾರಿಗಾದರೂ ಕೇಳಿಸುವುದು ಮೇಸ್ತ್ರಿಗೆ ಬಿಟ್ಟದ್ದು.