ಕಾಗಕ್ಕ–ಗುಬ್ಬಕ್ಕನ ಕಥೆ: ಚಿಕ್ಕ ಮಕ್ಕಳಿಂದ ಹಾಡುನಾಟಕ ಆಡಿಸುವ ಬಗೆ

ಐದರಿಂದ ಎಂಟು ವರ್ಷದ ಮಕ್ಕಳ ಹಾಡುನಾಟಕಕ್ಕೆ ಜನಪದ ಕಥೆಯೊಂದನ್ನು ಆರಿಸುವಾಗ, ಅದರಲ್ಲಿ ಮರುಕಳಿಸುವ ಮಾತು ಎಷ್ಟಿದೆ ಎಂಬುದನ್ನು ಮೊದಲು ನೋಡಬೇಕು. ಮಣ್ಣಿನ ಮನೆ ಮಳೆಗೆ ಕರಗಿದ ಮೇಲೆ ಕಾಗಕ್ಕ ಗುಬ್ಬಕ್ಕನ ಬಾಗಿಲು ತಟ್ಟುವ ಕಥೆ ಈ ದೃಷ್ಟಿಯಿಂದ ಬಲು ಅನುಕೂಲ. ಕಾಗಕ್ಕ ಪ್ರತಿ ಸಲವೂ ಅದೇ ಮಾತಿನಲ್ಲಿ ಬಾಗಿಲು ತೆಗೆಯೆನ್ನುತ್ತಾಳೆ. ಗುಬ್ಬಕ್ಕ ಮಗುವಿಗೆ ನೀರೆರೆಯಬೇಕು, ಬಟ್ಟೆ ತೊಡಿಸಬೇಕು, ತೊಟ್ಟಿಲು ತೂಗಬೇಕು ಎಂದು ಪ್ರತಿ ಸಲವೂ ಹೊಸ ನೆಪ ಹೂಡುತ್ತಾಳೆ. ಹೀಗಾಗಿ ಮಕ್ಕಳು ಕಂಠಪಾಠ ಮಾಡಬೇಕಾದದ್ದು ಒಂದು ಪಲ್ಲವಿಯಷ್ಟೇ. ಉಳಿದದ್ದೆಲ್ಲ ಅವರು ಮನೆಯಲ್ಲಿ ದಿನವೂ ಕಾಣುವ ಕೆಲಸಗಳ ಅಭಿನಯ.

ಪಲ್ಲವಿಯನ್ನು ನೀವೇ ಕಟ್ಟಿ, ಅದು ನಾಲ್ಕೈದು ಸ್ವರಗಳನ್ನು ಮೀರದಂತೆ ನೋಡಿಕೊಳ್ಳಿ. ಶ್ರುತಿಯನ್ನು ಹಾರ್ಮೋನಿಯಂ ನುಡಿಸುವವರ ಕಂಠಕ್ಕೆ ಹೊಂದಿಸುವುದು ಎಲ್ಲೆಡೆ ನಡೆಯುವ ತಪ್ಪು. ತಗ್ಗಿನ ಶ್ರುತಿಯಲ್ಲಿ ಮಕ್ಕಳ ಹಾಡು ಗೊಣಗಾಟವಾಗುತ್ತದೆ, ತೀರ ಏರಿದರೆ ಕಿರುಚಾಟವಾಗುತ್ತದೆ. ಬಾಗಿಲು ತಟ್ಟುವ ಸದ್ದನ್ನೇ ತಾಳವಾಗಿಸಿ ಮೂರು ತಟ್ಟು, ಆಮೇಲೆ ಒಂದು ಎಣಿಕೆಯ ಮೌನ ಎಂದು ಗೊತ್ತುಮಾಡಿಕೊಳ್ಳಬಹುದು. ಆ ಮೌನವನ್ನು ಕಾಯುವುದೇ ಮಕ್ಕಳಿಗೆ ಕಷ್ಟ, ಆದ್ದರಿಂದ ಅಲ್ಲಿ ಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿಯುವ ಅಭ್ಯಾಸ ಮಾಡಿಸಿ.

ಮಳೆಗೆ ಧ್ವನಿಮುದ್ರಿಕೆ ಬೇಡವೇ ಬೇಡ. ಅಂಗೈಯ ಮೇಲೆ ಒಂದು ಬೆರಳಿನಿಂದ ತಟ್ಟಲು ತೊಡಗಿ, ಎರಡು ಬೆರಳು, ನಾಲ್ಕು ಬೆರಳು, ಚಪ್ಪಾಳೆ, ತೊಡೆಬಡಿತ ಎಂದು ಏರಿಸುತ್ತ ಕೊನೆಗೆ ಕಾಲ್ತುಳಿತಕ್ಕೆ ತಂದರೆ ಹನಿಮಳೆ ಜಡಿಮಳೆಯಾಗುತ್ತದೆ. ಅದೇ ಕ್ರಮವನ್ನು ಹಿಂದುಮುಂದಾಗಿಸಿದರೆ ಮಳೆ ನಿಲ್ಲುತ್ತದೆ. ಡಬ್ಬಿಯೊಳಗೆ ಹುರುಳಿ ಹಾಕಿ ಅಲ್ಲಾಡಿಸಿದರೆ ಹೆಂಚಿನ ಮೇಲಿನ ಸದ್ದೂ ಸೇರಿಕೊಳ್ಳುತ್ತದೆ. ಕೈಗೆ ಸಿಕ್ಕ ವಸ್ತುಗಳಿಂದಲೂ ನಾದ ಹೊರಡಿಸಿದ ಬಿ.ವಿ. ಕಾರಂತರ ರಂಗಸಂಗೀತವನ್ನು ಕಂಡ ನಾಡಿಗೆ ಇದು ಹೊಸತೇನಲ್ಲ.

ಮಕ್ಕಳೆಲ್ಲರೂ ಮೊದಲಿನಿಂದ ಕೊನೆಯವರೆಗೆ ರಂಗದ ಮೇಲೆಯೇ ಅರ್ಧವೃತ್ತದಲ್ಲಿ ಕುಳಿತು ಮೇಳವಾಗಿ ಹಾಡಲಿ. ಪಾತ್ರ ಬಂದವರು ಎದ್ದು ಆಡಿ, ಮತ್ತೆ ಮೇಳಕ್ಕೆ ಮರಳಲಿ. ಪ್ರತಿ ನೆಪಕ್ಕೂ ಹೊಸ ಗುಬ್ಬಕ್ಕ ಬಂದರೆ ಪಾತ್ರಕ್ಕಾಗಿ ಜಗಳವಿರದು. ಹೆಗಲ ಮೇಲಿನ ಕಂದು ವಲ್ಲಿ ಕೈಬದಲಾದರೆ ಗುಬ್ಬಕ್ಕ ಬದಲಾದಂತೆ. ಮುಖವಾಡ ಕಟ್ಟಿದರೆ ಹಾಡು ಅಡಗುತ್ತದೆ, ಕೊಕ್ಕನ್ನು ಹಣೆಪಟ್ಟಿಗೆ ಅಂಟಿಸಿದರೆ ಸಾಕು. ಬಾಗಿಲಾಗಿ ಇಬ್ಬರು ಕೈಕೈ ಹಿಡಿದು ನಿಂತು, ತೆರೆಯುವಾಗ ಬಾಯಲ್ಲೇ ಕಿರ್‍ರೆನ್ನಲಿ. ಎಲ್ಲರೂ ಬೇಕೆನ್ನುವ ಪಾತ್ರ ಇದೇ ಆಗುವ ಸಂಭವವಿದೆ.

ಕಥೆಯ ಕೊನೆ ಮನೆಮನೆಗೂ ಬೇರೆ. ಮನೆಯ ಹಿರಿಯರಿಂದ ಕೇಳಿ ಬರುವಂತೆ ಮಕ್ಕಳಿಗೆ ಹೇಳಿ, ಬಂದವುಗಳನ್ನೆಲ್ಲ ಒಮ್ಮೊಮ್ಮೆ ಆಡಿಸಿ ನೋಡಿ, ಕಾಗಕ್ಕನನ್ನು ಏನು ಮಾಡಬೇಕೆಂದು ಅವರೇ ಗೊತ್ತುಮಾಡಲಿ. ಬಾಗಿಲು ಕೊನೆಗೂ ತೆರೆಯದಿರುವುದನ್ನೇ ಅವರು ಆರಿಸಿದರೂ ತಿದ್ದಬೇಡಿ.

ತಾಲೀಮು ದಿನಕ್ಕೆ ಅರ್ಧ ಗಂಟೆ ಮೀರದಿರಲಿ, ನಾಟಕ ಹತ್ತು ಹನ್ನೆರಡು ನಿಮಿಷಕ್ಕೆ ಮುಗಿಯಲಿ. ಪ್ರದರ್ಶನದ ದಿನ ಮಗುವೊಂದು ಮಾತು ಮರೆತು ನಿಂತರೆ ಪಕ್ಕದಿಂದ ಪಿಸುಗುಟ್ಟಬೇಡಿ. ಮೇಳವು ಪಲ್ಲವಿಯನ್ನು ಇನ್ನೊಮ್ಮೆ ಎತ್ತಿಕೊಂಡು, ಆ ಮಗು ಕಾಗಕ್ಕನ ವಲ್ಲಿ ಸರಿಪಡಿಸಿಕೊಂಡು ಮತ್ತೆ ಬಾಗಿಲು ತಟ್ಟುವವರೆಗೆ ಹಾಡುತ್ತಿರಲಿ.